ವೈದ್ಯರಿಗೆ ಕಲಿಸುವ ವಿದ್ಯೆ

ನುರಿತ ವೈದ್ಯರು ತಾವಾಗಿಯೇ ಒಳ್ಳೆಯ ಅಧ್ಯಾಪಕರಾಗುತ್ತಾರೆ, ನೀತಿ ಮನೆಯ ಸಂಸ್ಕಾರದಿಂದ ಬರಬೇಕೇ ಹೊರತು ಪಾಠದಿಂದಲ್ಲ ಎಂಬ ಎರಡು ನಂಬಿಕೆಗಳು ನಮ್ಮಲ್ಲಿ ಇಂದಿಗೂ ಗಟ್ಟಿಯಾಗಿ ಬೇರೂರಿವೆ. ಎರಡೂ ತಪ್ಪು.

ಮೊದಲನೆಯದನ್ನು ಪಟ್ಟುಹಿಡಿದು ಪ್ರಶ್ನಿಸಿದವರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಮಿಲ್ಲರ್ ಪ್ರಮುಖರು. 1950ರ ದಶಕದಲ್ಲಿ ಬಫಲೋ ನಗರದಲ್ಲಿ ಶಿಕ್ಷಣತಜ್ಞರೊಡನೆ ಕೂಡಿ ವೈದ್ಯಕೀಯ ಬೋಧನೆಯನ್ನೇ ಅಧ್ಯಯನ ಮಾಡಿದ ಅವರು, 1959ರಲ್ಲಿ ಷಿಕಾಗೊದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬಂದು ಅದಕ್ಕೊಂದು ಸಂಶೋಧನಾ ಕಚೇರಿ ಕಟ್ಟಿದರು. ಈ ವಿಷಯದ ಸ್ನಾತಕೋತ್ತರ ಪದವಿ ಬೆಳೆದದ್ದು ಅಲ್ಲಿ.

ಮಿಲ್ಲರ್ 1990ರಲ್ಲಿ ಕಲಿಕೆಗೆ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದರು: ವಿದ್ಯಾರ್ಥಿಗೆ ವಿಷಯ ಗೊತ್ತು, ಹೇಗೆ ಮಾಡಬೇಕೆಂಬುದು ಗೊತ್ತು, ಎದುರಿಗೆ ಮಾಡಿ ತೋರಿಸಬಲ್ಲ, ದಿನನಿತ್ಯದ ಕೆಲಸದಲ್ಲೂ ಹಾಗೆಯೇ ಮಾಡುತ್ತಾನೆ. ಜೋಳದ ಹಿಟ್ಟಿಗೆ ಬಿಸಿನೀರು ಏಕೆ ಬೇಕೆಂದು ವಿವರಿಸಬಲ್ಲವರಿಗೆಲ್ಲ ರೊಟ್ಟಿ ಬಡಿಯಲು ಬರುವುದಿಲ್ಲ. ಅಂಗೈಯ ಏಟು ತುಸು ತಪ್ಪಿದರೂ ಅಂಚು ಸೀಳುತ್ತದೆ. ಕೆರೆಯ ದಂಡೆಯಲ್ಲಿ ಈಜಿನ ಪಾಠ ಒಪ್ಪಿಸಿದವನು ನೀರಿಗಿಳಿದ ಕೂಡಲೇ ತೇಲುವುದಿಲ್ಲ. ತಾಳದ ಲೆಕ್ಕ ಬಾಯಿಪಾಠವಿದ್ದರೂ ಮೃದಂಗದ ಮೇಲೆ ಬೆರಳು ಓಡಬೇಕಲ್ಲ! ಲಿಖಿತ ಪರೀಕ್ಷೆ ಅಳೆಯುವುದು ಕೆಳಗಿನ ಎರಡು ಮೆಟ್ಟಿಲುಗಳನ್ನಷ್ಟೇ.

ಮೂರನೆಯದನ್ನು ಅಳೆಯುವ ಉಪಾಯವನ್ನು ಸ್ಕಾಟ್ಲೆಂಡಿನ ಡಂಡೀಯಲ್ಲಿದ್ದ ರೊನಾಲ್ಡ್ ಹಾರ್ಡನ್ ಮತ್ತವರ ಸಂಗಡಿಗರು 1975ರಲ್ಲೇ ಪ್ರಕಟಿಸಿದ್ದರು. ಇಂದು ಅದು ಓಸ್ಕಿ, ಅಂದರೆ ವಸ್ತುನಿಷ್ಠವಾಗಿ ರೂಪಿಸಿದ ಪ್ರಾಯೋಗಿಕ ಪರೀಕ್ಷೆ, ಎಂದು ಪರಿಚಿತ. ಗಂಟೆ ಬಾರಿಸಿದಂತೆ ವಿದ್ಯಾರ್ಥಿಗಳು ಒಂದು ಪರೀಕ್ಷಾ ತಾಣದಿಂದ ಇನ್ನೊಂದಕ್ಕೆ ಸರಿಯುತ್ತಾರೆ. ಒಂದು ಕಡೆ ತರಬೇತಾದ ನಟಿಯೊಬ್ಬಳು ರೋಗಿಯಾಗಿ ಕುಳಿತಿದ್ದಾಳೆ. ವಿದ್ಯಾರ್ಥಿ ಶಸ್ತ್ರಚಿಕಿತ್ಸೆಗೆ ಆಕೆಯ ಒಪ್ಪಿಗೆ ಪಡೆಯಬೇಕು. ಅಪಾಯಗಳನ್ನು ತಿಳಿಸಿದನೇ, ಆಕೆಗೆ ಅರ್ಥವಾದದ್ದೇನೆಂದು ಕೇಳಿದನೇ, ಬೇಡವೆನ್ನುವ ಹಕ್ಕಿದೆ ಎಂದನೇ ಎಂದು ಪರೀಕ್ಷಕರು ಪಟ್ಟಿಯಲ್ಲಿ ಗುರುತು ಹಾಕುತ್ತಾರೆ.

ಪಟ್ಟಿಯ ಆ ಕೊನೆಯ ಸಾಲಿನ ಹಿಂದೆ ಕಹಿಯಾದ ಚರಿತ್ರೆಯಿದೆ. ಬಾಸ್ಟನ್ನಿನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ 1966ರಲ್ಲಿ ಮನುಷ್ಯರ ಮೇಲೆ ನಡೆಸಿದ 22 ಸಂಶೋಧನೆಗಳ ಉದಾಹರಣೆ ಕೊಟ್ಟು ಅವುಗಳಲ್ಲಿನ ನೀತಿಲೋಪವನ್ನು, ಒಪ್ಪಿಗೆಯ ಕಡೆಗಣನೆಯನ್ನೂ ಸೇರಿಸಿ, ತೋರಿಸಿದರು. ಅವುಗಳಲ್ಲಿ ಅನೇಕವು ಹೆಸರಾಂತ ಸಂಸ್ಥೆಗಳಲ್ಲಿ ನಡೆದಿದ್ದವು ಎಂಬುದೇ ಸಂಸ್ಕಾರದ ವಾದಕ್ಕೆ ಉತ್ತರ. 1971ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕೆನಡಿ ನೀತಿಶಾಸ್ತ್ರ ಸಂಸ್ಥೆ ಹುಟ್ಟಿತು. ವೈದ್ಯಕೀಯ ಮತ್ತು ಜೀವವಿಜ್ಞಾನದ ನೀತಿಪ್ರಶ್ನೆಗಳನ್ನು ಚರ್ಚಿಸುವ ಜೈವಿಕ ನೀತಿಶಾಸ್ತ್ರ ಉನ್ನತ ಅಧ್ಯಯನದ ವಿಷಯವಾಗಿ ನೆಲೆಗೊಂಡಿತು.

ನಮ್ಮಲ್ಲಿ ಪುದುಚೇರಿಯ ವೈದ್ಯಕೀಯ ಸಂಸ್ಥೆ ಜಿಪ್ಮರ್ 1970ರ ದಶಕದಿಂದಲೇ ವೈದ್ಯಕೀಯ ಅಧ್ಯಾಪಕರಿಗೆ ತರಬೇತಿ ನೀಡುತ್ತ ಬಂದಿದೆ. ಮಂಗಳೂರು ಬಳಿಯ ದೇರಳಕಟ್ಟೆಯ ಯೇನೆಪೋಯ ವಿಶ್ವವಿದ್ಯಾಲಯದಲ್ಲಿ ನೀತಿಶಾಸ್ತ್ರಕ್ಕೆ ಪ್ರತ್ಯೇಕ ಕೇಂದ್ರವಿದೆ. 2019ರಿಂದ ಎಂಬಿಬಿಎಸ್‌ನಲ್ಲಿ ಮನೋಭಾವ, ನೀತಿ ಮತ್ತು ಸಂವಹನದ ಪಾಠ ಕಡ್ಡಾಯವಾಗಿದೆ. ಆದರೆ ಅದನ್ನು ಕಲಿಸುವ ಬಹುತೇಕರಿಗೆ ದೊರೆಯುವುದು ಕೆಲವೇ ದಿನಗಳ ಕಾರ್ಯಾಗಾರ. ಒಪ್ಪಿಗೆಯ ಪರೀಕ್ಷೆಗೆ ನ್ಯಾಯವಾದ ಪಟ್ಟಿಯೊಂದನ್ನು ಬರೆದು, ಇಬ್ಬರು ಪರೀಕ್ಷಕರು ಅದರಲ್ಲಿ ಒಂದೇ ಅಂಕ ಕೊಡುವರೇ ಎಂದು ಪರಿಶೀಲಿಸುವುದನ್ನು ಅಷ್ಟರಲ್ಲಿ ಕಲಿಯಲಾಗದು.