ಎಲೆ ಉದುರಿಸದ ಕೊಂಬೆ

ಶರತ್ಕಾಲದ ಕೊನೆಗೆ ಮರವೆಲ್ಲ ಬೋಳಾದರೂ ಒಂದು ಕೊಂಬೆ ಮಾತ್ರ ಒಣಗಿದ ಕಂದು ಎಲೆಗಳನ್ನು ಬಿಡದೆ ಹಿಡಿದಿದ್ದರೆ, ಅದು ಸತ್ತಿರುವ ಸಾಧ್ಯತೆ ಹೆಚ್ಚು. ಎಲೆ ಉದುರಿಸುವುದಕ್ಕೆ ಜೀವ ಬೇಕು. ಹಗಲು ಕಿರಿದಾಗಿ ಚಳಿ ಹತ್ತುತ್ತಿದ್ದಂತೆ ಎಲೆಯ ಪತ್ರಹರಿತ್ತು ಒಡೆಯುತ್ತದೆ. ಸಾರಜನಕ, ರಂಜಕದ ಬಹುಪಾಲು ಕಾಂಡಕ್ಕೆ ಮರಳುತ್ತದೆ. ಹಸಿರು ಕಳೆದಾಗ, ಮೊದಲೇ ಇದ್ದ ಹಳದಿ ವರ್ಣದ್ರವ್ಯ ಕೆರೋಟಿನಾಯ್ಡ್ ಎದ್ದು ಕಾಣುತ್ತದೆ. ಕೆಂಪು ವರ್ಣದ್ರವ್ಯ ಆಂಥೋಸಯನಿನ್ ಹಾಗಲ್ಲ, ಅದು ಆಗಷ್ಟೇ ಹೊಸದಾಗಿ ತಯಾರಾಗುತ್ತದೆ. ಸಸ್ಯದ ಹಾರ್ಮೋನುಗಳಲ್ಲಿ ಎಲೆಯನ್ನು ಉಳಿಸುವ ಆಕ್ಸಿನ್ ಇಳಿದು, ಉದುರಿಸುವ ಎಥಿಲೀನ್ ಮೇಲುಗೈಯಾದಾಗ ತೊಟ್ಟಿನ ಬುಡದ ತೆಳು ಪದರದ ಕೋಶಗಳು ತಮ್ಮ ನಡುವಿನ ಪೆಕ್ಟಿನ್ ಅಂಟನ್ನು ಕರಗಿಸುತ್ತವೆ, ಎಲೆ ಕಳಚಿ ಬೀಳುತ್ತದೆ. ಬೇಸಿಗೆಯಲ್ಲೇ ಸತ್ತ ಕೊಂಬೆಯಲ್ಲಿ ಈ ಕೆಲಸ ಮಾಡಲು ಜೀವಕೋಶಗಳೇ ಇರುವುದಿಲ್ಲ. ಎಳೆಯ ಓಕ್, ಬೀಚ್‌ನಂಥ ಕೆಲವು ಮರಗಳು ಮಾತ್ರ ಬದುಕಿದ್ದೂ ಒಣ ಎಲೆಗಳನ್ನು ಉಳಿಸಿಕೊಳ್ಳುತ್ತವೆ.

ಖಚಿತಪಡಿಸಿಕೊಳ್ಳಲು ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ. ತುದಿ ಒಣಗಿ ಬುಡ ಹಸಿಯಾಗಿರುವುದುಂಟು, ಆದ್ದರಿಂದ ಮೂರು ನಾಲ್ಕು ಕಡೆ ಕೆರೆದೇ ತೀರ್ಮಾನಿಸಬೇಕು.

ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ದರೆ ಅದರ ಭಾರಕ್ಕೆ ಕಾಂಡದ ತೊಗಟೆ ಕೆಳಗಿನವರೆಗೂ ಸಿಗಿದು ಬರುತ್ತದೆ. ಕಾಂಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ, ಕೆಳಗಿನಿಂದ ದಪ್ಪದ ಮೂರನೇ ಒಂದು ಭಾಗದಷ್ಟು ಮೊದಲು ಕೊಯ್ಯಿರಿ. ಅಲ್ಲಿಂದ ಕೆಲವು ಸೆಂ.ಮೀ. ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ. ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಉಬ್ಬಿರುವ ಉಂಗುರದ ಹೊರಗೆ ತೆಗೆಯಿರಿ. ಗಾಯದ ಸುತ್ತ ಹೊಸ ಅಂಗಾಂಶ ಬೆಳೆಯುವುದು ಆ ಉಬ್ಬಿನಿಂದಲೇ. ಅಂದ ಕಾಣಲೆಂದು ಅದನ್ನೂ ಸವರಿದರೆ ಕೊಳೆಯುವಿಕೆ ಕಾಂಡಕ್ಕೂ ಇಳಿಯುತ್ತದೆ. ಗಾಯಕ್ಕೆ ಬಣ್ಣ ಬಳಿಯುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ.

ಇಡೀ ಮರವೇ ಸತ್ತಿದ್ದರೆ, ಅದು ಚಿಕ್ಕದಾಗಿ ಬಯಲಲ್ಲಿದ್ದರೆ ಮಾತ್ರ ನೀವೇ ಕೈ ಹಾಕಿ. ಬುಡದಲ್ಲಿ ಗಟ್ಟಿ ಅಣಬೆ ಮೂಡಿದ್ದರೆ, ಮನೆಯೋ ವಿದ್ಯುತ್ ತಂತಿಯೋ ಹತ್ತಿರವಿದ್ದರೆ ಅನುಭವಿಗಳನ್ನೇ ಕರೆಸಿ. ಬೀಳಬೇಕಾದ ಕಡೆಗೆ ವ್ಯಾಸದ ನಾಲ್ಕನೇ ಒಂದು ಭಾಗದಷ್ಟು ಆಳದ ಬಾಯಿ ತೆಗೆದು, ಹಿಂದಿನಿಂದ ಕೊಯ್ಯುವಾಗ ವ್ಯಾಸದ ಹತ್ತನೇ ಒಂದು ಭಾಗವನ್ನು ಉದ್ದಕ್ಕೂ ಕೊಯ್ಯದೆ ಬಿಡಬೇಕು. ಬೀಳುವ ಮರಕ್ಕೆ ಆ ಪಟ್ಟಿಯೇ ಬಾಗಿಲಿನ ತಿರುಗಣಿ. ಅದನ್ನೂ ಕೊಯ್ದರೆ ಮರ ಯಾವ ಕಡೆಗಾದರೂ ಹೊರಳಬಹುದು. ಒಣಗಿದ ಮರದಲ್ಲಿ ಈ ನಾರು ಬಾಗದೆ ಥಟ್ಟನೆ ಮುರಿಯುವುದೂ ಇದೆ, ಅದಕ್ಕೇ ಹಿಂದಕ್ಕೆ ಓರೆಯಾಗಿ ಸರಿಯಲು ದಾರಿಯನ್ನು ಮೊದಲೇ ತೆರವು ಮಾಡಿಕೊಂಡಿರಬೇಕು.

ಮರ ಕಡಿದ ಮೇಲೆ ಉಳಿದ ಬುಡವನ್ನು ಯಂತ್ರದಿಂದ ಅರೆದಾಗ ಬರುವ ಹೊಟ್ಟನ್ನು ಮಣ್ಣಿಗೆ ಬೆರೆಸಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಹೀರಿ, ಅಲ್ಲಿ ನೆಟ್ಟ ಸಸಿ ಹಳದಿಯಾಗುತ್ತದೆ. ಮೇಲೆ ಹೊದಿಕೆಯಾಗಿ ಹರಡಿದರೆ ಆ ತೊಂದರೆ ತೀರಾ ಕಡಿಮೆ.