ಅಟ್ಟದ ಮೇಲಿನ ಗಂಟು

ಆಟಿ ತಿಂಗಳ ಮಳೆ ಜೋರಿರುವಾಗ ನಮ್ಮ ಮನೆಯಲ್ಲಿ ಒಂದು ಉಪದ್ರ ಸುರುವಾಯ್ತು. ಅಡಿಗೆಮನೆಯಲ್ಲಿ ಅಮ್ಮ ಇಂಡಕ್ಷನ್ ಸ್ಟವ್ ಹಾಕಿದ ಕೂಡ್ಲೇ ಚಾವಡಿಯ ಟ್ಯೂಬ್‌ಲೈಟು ಪಟಪಟ ಕಣ್ಣು ಮಿಟುಕಿಸ್ತದೆ, ಸ್ಟವ್ ಆಫ್ ಮಾಡಿದ್ರೆ ಸುಮ್ಮನಾಗ್ತದೆ. ಕಾಸರಗೋಡಿನ ಮಳೆಗಾಲ ಅಂದ್ರೆ ಗೊತ್ತುಂಟಲ್ಲ, ಲೈನಿನಲ್ಲೇ ಎಂತದೋ ತಕರಾರು ಅಂತ ಹದಿನೈದು ದಿವಸ ಲೈನಿಗೆ ಬೈದು ಕಳೆದೆವು, ಪಕ್ಕದ ಮನೆಯಲ್ಲಿ ಮಾತ್ರ ಎಲ್ಲ ಸರಿ ಇತ್ತು. ಕಡೆಗೊಂದು ಸಂಜೆ ಅಟ್ಟದಿಂದ ಮೀನು ಸುಟ್ಟ ಹಾಗೆ ವಾಸನೆ. ನಮ್ಮಲ್ಲಿ ಮೀನು ಮಾಡುವ ಕ್ರಮವೇ ಇಲ್ಲ! ವಯರಿಂಗಿನ ಪ್ಲಾಸ್ಟಿಕ್ ಕಾದ್ರೆ ಕೆಲವು ಸಲ ಹಾಗೇ ವಾಸನೆ ಬರ್ತದೆ ಅಂತ ಆಮೇಲೆ ಗೊತ್ತಾಯ್ತು.

ವಯರ್‌ಮ್ಯಾನ್ ಅಣ್ಣ ಏಣಿ ಇಟ್ಟು ಹತ್ತಿ ಜಾಯಿಂಟ್ ಬಾಕ್ಸ್ ಬಿಚ್ಚಿದ್ರು. ಒಳಗೆ ಹೆಬ್ಬೆರಳು ಗಾತ್ರದ ಒಂದು ಟೇಪಿನ ಗಂಟು, ಅದರ ಮೇಲೆ ಇರುವೆ ಗೂಡು. ಟೇಪು ಬಿಡಿಸಿದ್ರೆ ಅಂಟೆಲ್ಲ ಕರಗಿ ಕಪ್ಪು ಜೇನಿನ ಹಾಗೆ ಕೈಗೆ ಹತ್ತುತ್ತದೆ, ಅದರ ಕೆಳಗೆ ವಯರಿನ ಸಿಪ್ಪೆ ಸುಟ್ಟ ಹಪ್ಪಳದ ಹಾಗೆ ಮುರಿದು ಬೀಳ್ತದೆ. "ಈ ಗಂಟು ಹಾಕಿದ ಪುಣ್ಯಾತ್ಮ ಯಾರು ಮಾಷ್ಟ್ರೇ?" ಅಂತ ಕೇಳಿದ್ರು. ನಾನೇ. ಆರು ವರ್ಷದ ಹಿಂದೆ ಅಡಿಗೆಮನೆಗೆ ಒಂದು ಪ್ಲಗ್ ಪಾಯಿಂಟು ಬೇಕು ಅಂದಾಗ ಚಾವಡಿಯ ಲೈನಿಗೇ ಜೋಡಿಸಿ ತಿರುಚಿ ಟೇಪು ಸುತ್ತಿದ್ದೆ.

ಈಗ ಲೆಕ್ಕ ನೋಡಿ. 2000 ವ್ಯಾಟಿನ ಸ್ಟವ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೀತದೆ. ಗಂಟಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡುವ ತಡೆ, ಬರೀ 0.2 ಓಮ್ ಇದ್ರೂ ಕರೆಂಟಿನ ವರ್ಗವನ್ನು ಅದರಿಂದ ಗುಣಿಸಿದ್ರೆ 15 ವ್ಯಾಟ್ ಬಿಸಿ ಆ ಒಂದೇ ಜಾಗದಲ್ಲಿ ಹುಟ್ಟುತ್ತದೆ. ಹಳೇ ಝೀರೋ ಬಲ್ಬು ನೆನಪುಂಟಾ, ಹೆಸರಿಗೆ ಝೀರೋ, ಎಳೆಯುವುದು 15 ವ್ಯಾಟಿನ ಹತ್ತಿರ, ಮುಟ್ಟಿದ್ರೆ ಕೈ ಚುರ್ ಅಂತಿತ್ತು. ಅಂಥದ್ದೊಂದು ಬಲ್ಬನ್ನು ಟೇಪಿನಲ್ಲಿ ಸುತ್ತಿ ಮರದ ಅಟ್ಟದಲ್ಲಿ ಇಟ್ಟ ಹಾಗಾಯ್ತು. ಲೈನನ್ನು ತಾನಾಗಿ ಕಡಿಯುವ ಸ್ವಿಚ್ಚು ಎಂಸಿಬಿ ಯಾಕೆ ಬೀಳ್ಲಿಲ್ಲ ಅಂತ ಕೇಳಿದ್ರೆ, ಅದು ನೋಡುವುದು ಕರೆಂಟು ಮಿತಿ ಮೀರಿತಾ ಅಂತ ಮಾತ್ರ, 16 ಆಂಪಿಯರಿನ ಎಂಸಿಬಿಗೆ 8.7 ಲೆಕ್ಕಕ್ಕೇ ಇಲ್ಲ. ಅಂಥದ್ದೇ ಇನ್ನೊಂದು ಸ್ವಿಚ್ಚು ಇಎಲ್‌ಸಿಬಿ ಕಾಯುವುದು ಕರೆಂಟು ಭೂಮಿಗೆ ಸೋರ್ತದಾ ಅಂತ, ಇಲ್ಲಿ ಸೋರಿಕೆಯೂ ಇಲ್ಲ. ಇಬ್ಬರು ಕಾವಲುಗಾರರೂ ಗೇಟಿನಲ್ಲೇ ಇದ್ದಾರೆ, ಬೆಂಕಿ ಮನೆಯೊಳಗೆ ಉಂಟು.

ತಾಮ್ರಕ್ಕೆ ತಾಮ್ರ ತಾಗಿದ್ರೆ ಸಾಲದಾ, ರೆಸಿಸ್ಟೆನ್ಸ್ ಎಲ್ಲಿಂದ ಬಂತು? ಮುರಕಲ್ಲಿನ ಮೇಲೆ ಮುರಕಲ್ಲು ಇಟ್ಟು ನೋಡಿ, ದೂರದಿಂದ ಪೂರ್ತಿ ಕೂತ ಹಾಗೆ ಕಾಣ್ತದೆ, ನಿಜಕ್ಕೂ ತಾಗುವುದು ಅಲ್ಲೊಂದು ಇಲ್ಲೊಂದು ಮೊನೆ. ಲೋಹವೂ ಸೂಕ್ಷ್ಮದರ್ಶಕದ ಕೆಳಗೆ ಹಾಗೆಯೇ, ಅಷ್ಟೂ ಕರೆಂಟು ಆ ಕೆಲವೇ ಮೊನೆಗಳಲ್ಲಿ ನುಗ್ಗಬೇಕು. ಗಟ್ಟಿಯಾಗಿ ಒತ್ತಿದ್ರೆ ಮೊನೆ ಚಪ್ಪಟೆಯಾಗಿ ತಾಗುವ ಜಾಗ ಹೆಚ್ಚಾಗ್ತದೆ. ಕೈಯಲ್ಲಿ ತಿರುಚಿದ ಗಂಟಿಗೆ ಒತ್ತಡ ಕೊಡುವವರು ಯಾರೂ ಇಲ್ಲ, ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗಿ ದಿನಾ ಒಂಚೂರು ಸಡಿಲ ಆಗ್ತದೆ, ಸಂದಿಯಲ್ಲಿ ಗಾಳಿ ಹೊಕ್ಕು ತಾಮ್ರ ಕಪ್ಪಾಗ್ತದೆ, ಕಪ್ಪಾದಷ್ಟು ರೆಸಿಸ್ಟೆನ್ಸ್ ಹೆಚ್ಚು, ಅದು ಹೆಚ್ಚಾದಷ್ಟು ಬಿಸಿ ಹೆಚ್ಚು, ಹೀಗೇ ಸುತ್ತು.

ಈ ಒತ್ತಡವನ್ನು ಕೊಡ್ಲಿಕ್ಕೇ ವಯರಿಗೆ ವಯರು ಜೋಡಿಸುವ, ಒಳಗೆ ಸ್ಪ್ರಿಂಗ್ ಇಟ್ಟ ಪುಶ್ ಕನೆಕ್ಟರ್ ಬಂದದ್ದು. ಜರ್ಮನಿಯ ಮಿಂಡೆನ್ ಊರಲ್ಲಿ 1951ರಲ್ಲಿ ಸುರುವಾದ ವಾಗೋ ಕಂಪೆನಿಯ ಹೆಸರಲ್ಲೇ ಈಗ ಸುಮಾರು ಜನ ಇದನ್ನು ಕರೆಯುವುದು. ವಯರು ಹಿಗ್ಗಿ ಕುಗ್ಗಿದ್ರೂ ಸ್ಪ್ರಿಂಗು ಬೆನ್ನು ಬಿಡದೆ ಒತ್ತುತ್ತಾ ಇರ್ತದೆ, ಸ್ಕ್ರೂ ಬಿಗಿಯುವ ಕನೆಕ್ಟರಿನ ಸ್ಕ್ರೂಗೆ ಆ ಬುದ್ಧಿ ಇಲ್ಲ.

ಆದ್ರೆ ಇದರಲ್ಲಿ ಎರಡು ಜಾತಿ ಉಂಟು, ನಾನು ಬಿದ್ದದ್ದು ಅಲ್ಲೇ. ಒಂದು ಬರೀ ತೂತಿನದ್ದು, ವಯರನ್ನು ನೇರ ದೂಡಿದ್ರೆ ಆಯ್ತು. ಇನ್ನೊಂದಕ್ಕೆ ಸಣ್ಣ ಲಿವರು, ಎತ್ತಿ ವಯರು ಇಟ್ಟು ಒತ್ತಿ ಮುಚ್ಚುವುದು. ತೂತಿನದ್ದು ಮುಖ್ಯವಾಗಿ ಒಂದೇ ದಪ್ಪ ಎಳೆಯ ಗಟ್ಟಿ ವಯರಿಗೆ, ಅದು ಸ್ಪ್ರಿಂಗನ್ನು ತಾನೇ ದೂಡಿಕೊಂಡು ಹೋಗ್ತದೆ, ವಾಪಸ್ ಎಳೆದ್ರೆ ಸ್ಪ್ರಿಂಗು ಇನ್ನೂ ಬಿಗಿಯಾಗಿ ಕಚ್ಚುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮನೆ ವಯರು ಹೆಚ್ಚಿನದ್ದು ಮಲ್ಟಿ ಸ್ಟ್ರ್ಯಾಂಡು, ಇಪ್ಪತ್ತು ಮೂವತ್ತು ಕೂದಲೆಳೆ ಸೇರಿದ್ದು. ಅದನ್ನು ತೂತಿಗೆ ದೂಡಿದೆ, ಅರ್ಧ ಎಳೆ ಒಳಗೆ ಹೋಯ್ತು, ಉಳಿದದ್ದು ಬಾಯಲ್ಲೇ ಮಡಚಿ ಕೂತ್ಕೊಂಡಿತು, ಹೊರಗಿಂದ ನೋಡಿದ್ರೆ ಚಂದವೇ ಇತ್ತು. ಅಣ್ಣ ಎರಡು ಬೆರಳಲ್ಲಿ ಎಳೆದ್ರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. "ಮೊದ್ಲು ಎಳೆದು ನೋಡಿ ಮಾಷ್ಟ್ರೇ, ಆಮೇಲೆ ಮುಚ್ಚಿ" ಅಂದ್ರು, ಅಷ್ಟೇ, ಬೈಲಿಲ್ಲ.

ಲಿವರಿನದ್ದು ತಂದು ಮತ್ತೆ ಸುರು ಮಾಡಿದೆವು. ಸಿಪ್ಪೆ ಎಷ್ಟು ಸುಲಿಯಬೇಕು ಅಂತ ಕನೆಕ್ಟರಿನ ಮೈಮೇಲೇ ಗೆರೆಯೋ ಅಂಕೆಯೋ ಇರ್ತದೆ, ಸುಮಾರಾಗಿ 11 ಮಿಲಿಮೀಟರ್. ಕಮ್ಮಿ ಸುಲಿದ್ರೆ ಸ್ಪ್ರಿಂಗು ಸಿಪ್ಪೆಯನ್ನೇ ಕಚ್ಚುತ್ತದೆ, ಜಾಸ್ತಿ ಸುಲಿದ್ರೆ ಬರೀ ತಾಮ್ರ ಹೊರಗೆ ಕಾಣ್ತದೆ. ಒಂದು ಬಾಯಿಗೆ ಒಂದೇ ವಯರು. ಕಪ್ಪಾದ ತುದಿಯನ್ನು ಒಳ್ಳೇ ತಾಮ್ರ ಕಾಣುವವರೆಗೆ ಕತ್ತರಿಸಿ ಬಿಸಾಡಿದೆವು. ಕನೆಕ್ಟರಿನಲ್ಲಿ 32 ಆಂಪಿಯರ್ ಅಂತ ಬರೆದಿರ್ತದೆ, ಅದು ಕನೆಕ್ಟರಿನ ತಾಕತ್ತು, ಅದಕ್ಕೆ ಸೇರಿದ 1.5 ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪದ) ವಯರಿನದ್ದಲ್ಲ, ಹಾಗಾಗಿ ಸ್ಟವ್‌ಗೆ ಬೇರೆ ದಪ್ಪ ವಯರೇ ಎಳೆಸಿದೆ. ಆನ್‌ಲೈನಿನಲ್ಲಿ ಹೆಸರಿಲ್ಲದ ಅಗ್ಗದ ಕನೆಕ್ಟರ್ ಬೇಕಾದಷ್ಟು ಸಿಗ್ತದೆ, ಮೈಮೇಲೆ ಅಂಕೆ ಯಾರು ಬೇಕಾದ್ರೂ ಒತ್ತಬಹುದು. ಐಇಸಿ 60998 ಅನ್ನುವ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡಿನ ಪರೀಕ್ಷೆ ಪಾಸಾದ ಮಾಲಿಗೆ ಒಂದೆರಡು ಕಾಫಿಯ ದುಡ್ಡು ಜಾಸ್ತಿ ಹೋದ್ರೂ ಅಡ್ಡಿಯಿಲ್ಲ.

ಇದೆಲ್ಲಕ್ಕಿಂತ ನನಗೆ ಹೆದರಿಕೆಯಾದದ್ದು ಬೇರೆ. ಮೈನ್ ಆಫ್ ಮಾಡಿ ಆರಾಮಲ್ಲಿ ಕೈ ಹಾಕ್ಲಿಕ್ಕೆ ಹೊರಟಿದ್ದೆ, ಅಣ್ಣ ಕೈ ಹಿಡಿದು ಟೆಸ್ಟರ್ ಇಟ್ಟು ತೋರಿಸಿದ್ರು, ಉರೀತಾ ಉಂಟು! ಇನ್ವರ್ಟರು. ಮೈನ್ ಹೋದ್ರೆ ಕರೆಂಟು ಹೋಯ್ತು ಅಂತ ತಿಳಿದು ಅದು ತನ್ನ ಬ್ಯಾಟರಿಯಿಂದ ಅದೇ 230 ವೋಲ್ಟು ಕಳಿಸ್ತದೆ. ಅದನ್ನೂ ಆಫ್ ಮಾಡಿಯೇ ಕೆಲಸ ಮುಂದುವರಿಸಿದ್ದು.

ತೋಟದ ಪಂಪ್ ಶೆಡ್ಡಿನಲ್ಲಿ ಇನ್ನೊಂದು ಗಂಟು ಉಂಟು, ಹಳೇ ಅಲ್ಯೂಮಿನಿಯಂ ವಯರಿಗೆ ತಾಮ್ರ ತಿರುಚಿದ್ದು. ಉಳಿದ ಕನೆಕ್ಟರ್ ಅಲ್ಲಿಗೆ ಹಾಕುವ ಅಂದ್ರೆ ಅಣ್ಣ ಒಪ್ಲಿಲ್ಲ. ಅಲ್ಯೂಮಿನಿಯಂ ಮೈಮೇಲೆ ಕರೆಂಟು ದಾಟದ ಆಕ್ಸೈಡ್ ಪದರ ಕ್ಷಣದಲ್ಲಿ ಕೂರ್ತದೆ, ಒದ್ದೆಯಲ್ಲಿ ಎರಡು ಲೋಹ ತಾಗಿದ್ರೆ ಅಲ್ಯೂಮಿನಿಯಂ ತಿಂದುಹೋಗ್ತದೆ, ಮತ್ತೆ ಈ ಕನೆಕ್ಟರಿನೊಳಗೆ ನೀರು ಹೋಗದ ಹಾಗೆ ಎಂತದೂ ಇಲ್ಲ. ಮಳೆ ಬಿಟ್ಟ ಮೇಲೆ ವಯರನ್ನೇ ಬದಲಾಯಿಸಿ ನೀರು ಹೋಗದ ಬಾಕ್ಸ್ ಕೂರಿಸುವ, ಅಷ್ಟರವರೆಗೆ ಪಂಪಿನ ಫ್ಯೂಸ್ ನನ್ನ ಹತ್ರವೇ ಇರಲಿ ಅಂತ ಕಿತ್ತು ಕಿಸೆಗೆ ಹಾಕ್ಕೊಂಡು ಹೋದ್ರು.