ತಪ್ಪು ಉತ್ತರವನ್ನು ಕೇಳಿಸಿಕೊಂಡವರು: ಶಿಕ್ಷಕರ ಪಠ್ಯಕ್ಕೆ ಮನೋವಿಜ್ಞಾನ ಬಂದ ಬಗೆ

ಶಿಕ್ಷಕರಾಗಲು ತರಬೇತಿ ಪಡೆಯುವವರು ಓದಲೇಬೇಕಾದ ವಿಷಯಗಳಲ್ಲಿ ಶೈಕ್ಷಣಿಕ ಮನೋವಿಜ್ಞಾನವೂ ಒಂದು. ಪುಸ್ತಕ ತೆರೆದರೆ ಹೆಸರುಗಳ ಸಾಲು: ಥಾರ್ನ್‌ಡೈಕ್, ಸ್ಕಿನ್ನರ್, ಪಿಯಾಜೆ, ವೈಗೋಟ್‌ಸ್ಕಿ. ಒಬ್ಬೊಬ್ಬರಿಗೆ ಒಂದೊಂದು ಸಿದ್ಧಾಂತ, ಒಂದೊಂದು ಸಿದ್ಧಾಂತಕ್ಕೆ ನಾಲ್ಕೈದು ಅಂಶ. ಬಾಯಿಪಾಠ ಮಾಡಿ ಪರೀಕ್ಷೆ ಬರೆದು, ತರಗತಿಗೆ ಕಾಲಿಟ್ಟ ಮೇಲೆ ಎಷ್ಟೋ ಮಂದಿ ಇದನ್ನೆಲ್ಲ ಮರೆತೇಬಿಡುತ್ತಾರೆ. ಇದು ದೊಡ್ಡ ನಷ್ಟ. ಯಾಕೆಂದರೆ ಆ ಹೆಸರುಗಳ ಹಿಂದೆ ನೂರು ವರ್ಷಕ್ಕೂ ಹಳೆಯ ಜಗಳವೊಂದಿದೆ. ಮಗುವಿಗೆ ಎಷ್ಟು ಗೊತ್ತು ಎಂದು ಅಳೆಯುವುದು ಮುಖ್ಯವೋ, ಮಗು ಹೇಗೆ ಯೋಚಿಸುತ್ತಿದೆ ಎಂದು ತಿಳಿಯುವುದು ಮುಖ್ಯವೋ? ಇಂದಿನ ಶಾಲೆಗಳ ಬಹಳಷ್ಟು ಸಂಗತಿಗಳು ಈ ಜಗಳದಿಂದಲೇ ಹುಟ್ಟಿವೆ.

ಮೊದಲ ಹೆಜ್ಜೆ ಇಟ್ಟವರು ಜರ್ಮನಿಯ ಯೋಹಾನ್ ಹರ್ಬಾರ್ಟ್. 1809ರಲ್ಲಿ ಅವರು ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ತತ್ವಜ್ಞಾನಿ ಕಾಂಟ್ ಇದ್ದ ಪೀಠಕ್ಕೆ ಬಂದರು. ಹೊಸ ವಿಚಾರ ಮಗುವಿನ ಮನಸ್ಸಿನಲ್ಲಿ ಸುಮ್ನೆ ಬಂದು ಕೂರುವುದಿಲ್ಲ, ಮೊದಲೇ ಅಲ್ಲಿರುವ ವಿಚಾರಗಳ ಜೊತೆ ಅದು ಬೆಸೆದುಕೊಳ್ಳಬೇಕು ಎಂಬುದು ಅವರ ಮಾತಿನ ತಿರುಳು. ಇವತ್ತಿಗೂ ಒಪ್ಪುವಂಥದ್ದೇ. ಆದರೆ ಅವರ ನಂತರ ಬಂದ ಶಿಷ್ಯಪರಂಪರೆ ಇದನ್ನು ಐದು ಹಂತಗಳ ಪಾಠ ಯೋಜನೆಯಾಗಿ ಕಟ್ಟಿತು: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಯಾವ ಪಾಠವಾದರೂ ಇದೇ ಐದು ಹಂತದಲ್ಲಿ ನಡೆಯಬೇಕು ಎಂಬ ಮಟ್ಟಕ್ಕೆ ಅದು ಬೆಳೆದಿತ್ತು. ಮಗುವಿನ ಮನಸ್ಸಿನಲ್ಲಿ ಏನಿದೆ ನೋಡಿ ಎಂದಿದ್ದರು ಗುರುಗಳು. ಶಿಷ್ಯರ ಕೈಯಲ್ಲಿ ಅದು ಶಿಕ್ಷಕರು ತುಂಬಬೇಕಾದ ನಮೂನೆಯಾಯಿತು. ಒಳ್ಳೆಯ ಗಮನಿಸುವಿಕೆ ಶುರುವಾಗುತ್ತದೆ, ಸ್ವಲ್ಪ ಕಾಲದಲ್ಲೇ ಹಣೆಪಟ್ಟಿಯೋ ನಮೂನೆಯೋ ಆಗುತ್ತದೆ. ಮುಂದೆಯೂ ಇದು ಮತ್ತೆ ಮತ್ತೆ ನಡೆಯಿತು.

ಈ ಅಪಾಯವನ್ನು ಮೊದಲೇ ಕಂಡವರು ಅಮೆರಿಕದ ವಿಲಿಯಂ ಜೇಮ್ಸ್. 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವರಿಗೆ ತಾನಿರುವ ಕೇಂಬ್ರಿಡ್ಜ್ ಊರಿನ ಶಿಕ್ಷಕರಿಗಾಗಿ ಮನೋವಿಜ್ಞಾನದ ಉಪನ್ಯಾಸ ಮಾಡಲು ಹೇಳಿತು. ಆ ಉಪನ್ಯಾಸಗಳು 1899ರಲ್ಲಿ ಪುಸ್ತಕವಾದವು. ಅಲ್ಲಿ ಅವರು ಶಿಕ್ಷಕರಿಗೆ ಹೇಳಿದ್ದು ಇಷ್ಟು: ಮನೋವಿಜ್ಞಾನ ಒಂದು ವಿಜ್ಞಾನ, ಕಲಿಸುವುದು ಒಂದು ಕಲೆ. ಪಾಠದ ಯೋಜನೆಗಳನ್ನು ಮನಸ್ಸಿನ ನಿಯಮಗಳಿಂದ ನೇರವಾಗಿ ಇಳಿಸಿಕೊಳ್ಳಬಹುದು ಎಂದುಕೊಂಡರೆ ಅದು ದೊಡ್ಡ ತಪ್ಪು. ನಡುವೆ ಶಿಕ್ಷಕರ ಸ್ವಂತ ಬುದ್ಧಿ ಕೆಲಸ ಮಾಡಲೇಬೇಕು. ಶಿಕ್ಷಕರ ಬಗ್ಗೆ ಇಷ್ಟು ಗೌರವದಿಂದ ಮಾತಾಡಿದ ವಿಜ್ಞಾನಿಗಳು ಆ ಕಾಲದಲ್ಲಿ ಕಡಿಮೆ.

ಅವರ ವಿದ್ಯಾರ್ಥಿಯೇ ಆಗಿದ್ದ ಎಡ್ವರ್ಡ್ ಥಾರ್ನ್‌ಡೈಕ್ ಹಿಡಿದ ದಾರಿ ಬೇರೆ. 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ ಅವು ಹೊರಬರಲು ಹೇಗೆ ಕಲಿಯುತ್ತವೆ ಎಂದು ನೋಡಿದವರು ಅವರು. ಆಮೇಲೆ ನ್ಯೂಯಾರ್ಕಿನ ಟೀಚರ್ಸ್ ಕಾಲೇಜು ಸೇರಿ, ಶಾಲೆಯ ಎಲ್ಲವನ್ನೂ ಎಣಿಕೆಗೆ ತರಲು ಹೊರಟರು. ಅವರು ಮಾಡಿದ ಒಂದು ಉಪಕಾರವನ್ನು ಮರೆಯಬಾರದು. ಲ್ಯಾಟಿನ್, ಜ್ಯಾಮಿತಿಯಂಥ ಕಷ್ಟದ ವಿಷಯ ಕಲಿತರೆ ಬುದ್ಧಿಯೇ ಚುರುಕಾಗುತ್ತದೆ, ಆ ಚುರುಕು ಬೇರೆ ಎಲ್ಲದಕ್ಕೂ ಒದಗುತ್ತದೆ ಎಂದು ಆಗ ನಂಬಲಾಗಿತ್ತು. 1901ರಲ್ಲಿ ವುಡ್‌ವರ್ತ್ ಜೊತೆ ಮಾಡಿದ ಪ್ರಯೋಗಗಳಲ್ಲಿ ಥಾರ್ನ್‌ಡೈಕ್ ಈ ನಂಬಿಕೆಯನ್ನು ಅಲುಗಾಡಿಸಿದರು. ಒಂದು ಬಗೆಯ ಆಕೃತಿಗಳ ವಿಸ್ತೀರ್ಣ ಅಂದಾಜು ಮಾಡಲು ಚೆನ್ನಾಗಿ ಕಲಿತವರಿಗೆ ಬೇರೆ ಬಗೆಯ ಆಕೃತಿ ಕೊಟ್ಟರೆ ಆ ಕಲಿಕೆ ಅಷ್ಟಾಗಿ ನೆರವಿಗೆ ಬರಲಿಲ್ಲ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಹರಿಯುವುದಿಲ್ಲ ಎಂಬುದು ಇವತ್ತಿಗೂ ಶಿಕ್ಷಕರು ನೆನಪಿಡಬೇಕಾದ ಸಂಗತಿ.

ಇಲ್ಲಿಂದ ಕಥೆ ಪ್ಯಾರಿಸ್‌ಗೆ ಹೋಗುತ್ತದೆ. ನನಗೆ ಇದು ಇಡೀ ಚರಿತ್ರೆಯ ಹೃದಯ ಅನ್ನಿಸುತ್ತದೆ.

ಫ್ರಾನ್ಸಿನಲ್ಲಿ ಶಿಕ್ಷಣ ಕಡ್ಡಾಯವಾದ ಮೇಲೆ ಎಲ್ಲ ಬಗೆಯ ಮಕ್ಕಳೂ ಶಾಲೆಗೆ ಬಂದರು. ಕೆಲವರಿಗೆ ಮಾಮೂಲಿ ತರಗತಿಯಲ್ಲಿ ಕಲಿಯಲು ಆಗುತ್ತಿರಲಿಲ್ಲ. ಅಂಥ ಮಕ್ಕಳಿಗೆ ಏನು ಮಾಡಬೇಕು ಎಂದು ನೋಡಲು 1904ರಲ್ಲಿ ಸರ್ಕಾರ ಒಂದು ಆಯೋಗ ನೇಮಿಸಿತು. ಆಲ್ಫ್ರೆಡ್ ಬಿನೆ ಅದರ ಸದಸ್ಯರು. ಯಾರಿಗೆ ಹೆಚ್ಚಿನ ನೆರವು ಬೇಕು ಎಂದು ಬರೀ ಶಿಕ್ಷಕರ ಅನಿಸಿಕೆಯ ಮೇಲೆ ತೀರ್ಮಾನಿಸಿದರೆ, ತಂಟೆ ಮಾಡುವ ಮಗು, ಸಂಕೋಚದ ಮಗು ಎಲ್ಲರೂ ದಡ್ಡರ ಪಟ್ಟಿಗೆ ಸೇರಿಬಿಡುತ್ತಾರೆ ಅಲ್ವಾ? ಹಾಗಾಗಬಾರದು ಎಂದು ಬಿನೆ ಮತ್ತು ಅವರ ಜೊತೆಗಾರ ಥಿಯೊಡೋರ್ ಸಿಮೊನ್ 1905ರಲ್ಲಿ 30 ಚಿಕ್ಕ ಚಿಕ್ಕ ಕೆಲಸಗಳ ಒಂದು ಪರೀಕ್ಷೆ ತಯಾರಿಸಿದರು. ಸುಲಭದಿಂದ ಕಷ್ಟಕ್ಕೆ ಏರುವ ಪ್ರಶ್ನೆಗಳು. ಉದ್ದೇಶ ಒಂದೇ: ನೆರವು ಬೇಕಾದವರನ್ನು ಗುರುತಿಸಿ ನೆರವು ಕೊಡುವುದು. ಬುದ್ಧಿ ಹುಟ್ಟಿನಿಂದಲೇ ಇಷ್ಟೇ ಎಂದು ನಿಗದಿಯಾಗಿರುತ್ತದೆ, ಅದು ಬೆಳೆಯುವುದಿಲ್ಲ ಎನ್ನುವವರನ್ನು ಬಿನೆ 1909ರಲ್ಲಿ ಕಟುವಾಗಿ ಟೀಕಿಸಿದರು. ಗಮನ, ನೆನಪು, ವಿವೇಚನೆಯನ್ನು ಬೆಳೆಸುವ ಅಭ್ಯಾಸಗಳನ್ನೂ ರೂಪಿಸಿದರು. 1911ರಲ್ಲಿ, 54ನೇ ವಯಸ್ಸಿಗೇ ಅವರು ತೀರಿಕೊಂಡರು.

ಅವರು ಹೋದ ಮೇಲೆ ಅವರು ಶುರು ಮಾಡಿದ ಕೆಲಸ ಎರಡು ದಾರಿ ಹಿಡಿಯಿತು.

ಒಂದು ದಾರಿ ಅಮೆರಿಕಕ್ಕೆ. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟದ ಪ್ರಶ್ನೆಗಳನ್ನು ಬಿಡಿಸಬಲ್ಲದೋ ಆ ವಯಸ್ಸನ್ನು, ನಿಜವಾದ ವಯಸ್ಸಿನಿಂದ ಭಾಗಿಸುವ ಲೆಕ್ಕ ಕೊಟ್ಟರು. 1916ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಬಿನೆಯ ಪರೀಕ್ಷೆಯನ್ನು ತಿದ್ದಿ ಬೆಳೆಸಿದರು, ಬುದ್ಧಿಯ ಅಳತೆಯಾಗಿ ಐಕ್ಯು ಎಂಬ ಒಂಟಿ ಅಂಕಿ ಜನಪ್ರಿಯವಾಯಿತು. ಟರ್ಮನ್ ಅವರಿಗೆ ಬುದ್ಧಿ ಬಹುಪಾಲು ವಂಶದಿಂದ ಬರುವಂಥದ್ದು. ಮೊದಲ ಮಹಾಯುದ್ಧದಲ್ಲಿ ಸುಮಾರು 17 ಲಕ್ಷ ಅಮೆರಿಕನ್ ಸೈನಿಕರಿಗೆ ಇಂಥ ಪರೀಕ್ಷೆಗಳನ್ನು ಗುಂಪುಗುಂಪಾಗಿ ಕೊಟ್ಟರು. ಯುದ್ಧ ಮುಗಿದ ಮೇಲೆ ಆ ಪದ್ಧತಿ ಶಾಲೆಗೆ ಬಂತು. ಅಂಕಿ ನೋಡಿ ಮಕ್ಕಳನ್ನು ಬೇರೆ ಬೇರೆ ತರಗತಿಗೆ ಹಂಚುವುದು ಶುರುವಾಯಿತು. ನೆರವು ಕೊಡಲು ಹುಟ್ಟಿದ ಪರೀಕ್ಷೆ ಮಗುವಿನ ಮುಂದಿನ ದಾರಿಯನ್ನೇ ಮುಚ್ಚುವ ಸಾಧನವಾಯಿತು. ಬಿನೆ ಬದುಕಿದ್ದರೆ ಖಂಡಿತ ವಿರೋಧಿಸುತ್ತಿದ್ದರು ಎಂದು ನನ್ನ ನಂಬಿಕೆ.

ಇನ್ನೊಂದು ದಾರಿ ಪ್ಯಾರಿಸ್‌ನಲ್ಲೇ ತೆರೆಯಿತು. 1919ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಒಬ್ಬ ಯುವಕ ಅಲ್ಲಿಗೆ ಬಂದ. ಬಸವನಹುಳುವಿನ ಜಾತಿಯ ಜೀವಿಗಳ ಮೇಲೆ ಸಂಶೋಧನೆ ಮಾಡಿ ಪದವಿ ಪಡೆದಿದ್ದ ಜೀನ್ ಪಿಯಾಜೆ. ಸಿಮೊನ್ ಅವನಿಗೆ ಒಂದು ಬೇಸರದ ಕೆಲಸ ಕೊಟ್ಟರು. ಇಂಗ್ಲೆಂಡಿನ ತರ್ಕದ ಪರೀಕ್ಷೆಯೊಂದನ್ನು ಪ್ಯಾರಿಸ್ ಮಕ್ಕಳಿಗೆ ಹೊಂದಿಸಬೇಕು: ಪ್ರಶ್ನೆ ಕೇಳು, ಸರಿ ಉತ್ತರ ಎಷ್ಟು ಎಂದು ಎಣಿಸು. ಪಿಯಾಜೆಗೆ ಎಣಿಕೆ ರುಚಿಸಲಿಲ್ಲ. ಆತನ ಕಣ್ಣಿಗೆ ಬಿದ್ದದ್ದು ತಪ್ಪು ಉತ್ತರಗಳು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಹಾಗಾದರೆ ಅದು ಅಡ್ಡಾದಿಡ್ಡಿ ತಪ್ಪಲ್ಲ, ಅದರ ಹಿಂದೆ ಒಂದು ಯೋಚನೆಯಿದೆ. ಅಂಕ ಹಾಕುವುದನ್ನು ಬದಿಗಿಟ್ಟು ಆತ ಮಕ್ಕಳ ಜೊತೆ ಮಾತಿಗೆ ಕೂತ. ಯಾಕೆ ಹಾಗನ್ನಿಸಿತು? ಇನ್ನೊಂದು ಸಲ ಹೇಳು. ಹೀಗಿದ್ದರೆ ಏನಾಗುತ್ತಿತ್ತು? 1921ರಲ್ಲಿ ಜಿನೀವಾಕ್ಕೆ ಹೋದ ಪಿಯಾಜೆ ಮುಂದಿನ ಅರ್ಧ ಶತಮಾನವನ್ನು ಈ ಪ್ರಶ್ನೆಗಳಿಗೇ ಕೊಟ್ಟರು. ಒಂದೇ ಕಡೆ ಶುರುವಾದ ಕೆಲಸದಿಂದ ಒಬ್ಬರಿಗೆ ಅಂಕಿ ಸಿಕ್ಕಿತು, ಇನ್ನೊಬ್ಬರಿಗೆ ಮಗು ಸಿಕ್ಕಿತು.

ದುರಂತವೆಂದರೆ ಪಿಯಾಜೆಯವರ ಕೆಲಸವೂ ಪಠ್ಯಕ್ಕೆ ಬರುವಾಗ ಕೋಷ್ಟಕವಾಯಿತು. ನಾಲ್ಕು ಹಂತ, ಪ್ರತಿ ಹಂತಕ್ಕೆ ವಯಸ್ಸು. ಏಳಕ್ಕೆ ಮೊದಲು ಇದು ಆಗಲ್ಲ, ಹನ್ನೊಂದಕ್ಕೆ ಮೊದಲು ಅದು ಆಗಲ್ಲ. ‘ಈ ಮಗು ಇನ್ನೂ ಆ ಹಂತಕ್ಕೆ ಬಂದಿಲ್ಲ’ ಎನ್ನುವುದು ಕಲಿಸದೇ ಇರಲು ಒಂದು ನೆಪವೂ ಆಯಿತು. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಇದನ್ನು ಪರೀಕ್ಷಿಸಿದರು. ಎರಡು ಸಾಲಿನಲ್ಲಿ ಸಮನಾಗಿ ಬಿಲ್ಲೆಗಳನ್ನಿಟ್ಟು, ದೊಡ್ಡವರೊಬ್ಬರು ಒಂದು ಸಾಲನ್ನು ಅಗಲವಾಗಿ ಹರಡಿ ‘ಈಗ ಯಾವುದರಲ್ಲಿ ಜಾಸ್ತಿ?’ ಎಂದರೆ ನಾಲ್ಕರಿಂದ ಆರು ವರ್ಷದ ಬಹಳಷ್ಟು ಮಕ್ಕಳು ತಪ್ಪಾಗಿ ಹೇಳುತ್ತಾರೆ. ಅದೇ ಕೆಲಸವನ್ನು ತುಂಟ ಕರಡಿ ಗೊಂಬೆಯೊಂದು ಬಂದು ಕೆಡಿಸಿದಂತೆ ಮಾಡಿದಾಗ ಸರಿಯಾಗಿ ಹೇಳಿದ ಮಕ್ಕಳ ಸಂಖ್ಯೆ ತುಂಬ ಏರಿತು. ದೊಡ್ಡವರು ಬೇಕಂತಲೇ ಏನೋ ಬದಲಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಊಹಿಸುತ್ತದೆ. ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ತಿರುಗಿಸಬಲ್ಲದು. ಪಿಯಾಜೆಯ ವಯಸ್ಸಿನ ಗೆರೆಗಳು ಸಡಿಲವಾದವು, ಅವರ ಕೇಳುವ ಪದ್ಧತಿ ಮಾತ್ರ ಗಟ್ಟಿಯಾಗಿ ಉಳಿಯಿತು.

ಲೆವ್ ವೈಗೋಟ್‌ಸ್ಕಿ ಸೋವಿಯತ್ ಒಕ್ಕೂಟದಲ್ಲಿ ಮನೋವಿಜ್ಞಾನಿ ಎಂದು ಹೆಸರಾಗುವ ಮೊದಲು ಗೊಮೆಲ್ ಎಂಬ ಊರಿನಲ್ಲಿ ಶಿಕ್ಷಕರಾಗಿದ್ದರು, ಶಿಕ್ಷಕರ ಕಾಲೇಜಿನಲ್ಲೂ ಕಲಿಸುತ್ತಿದ್ದರು. ಅಳತೆಯ ಬಗ್ಗೆ ಅವರು ಎತ್ತಿದ ಪ್ರಶ್ನೆ ಬಹಳ ಸರಳ. ಪರೀಕ್ಷೆಯಲ್ಲಿ ಇಬ್ಬರು ಮಕ್ಕಳ ಮಾನಸಿಕ ವಯಸ್ಸು ಎಂಟು ಎಂದು ಬಂತು. ಈಗ ಇಬ್ಬರಿಗೂ ಸ್ವಲ್ಪ ಸುಳಿವು ಕೊಟ್ಟು ನೋಡಿ. ಒಬ್ಬರು ಒಂಬತ್ತರ ಮಟ್ಟದ ಲೆಕ್ಕ ಮಾಡುತ್ತಾರೆ, ಇನ್ನೊಬ್ಬರು ಹನ್ನೆರಡರ ಮಟ್ಟಕ್ಕೆ ಹೋಗುತ್ತಾರೆ. ಹಾಗಾದರೆ ಇಬ್ಬರೂ ಒಂದೇ ಎನ್ನಲು ಸಾಧ್ಯವಾ? ಒಬ್ಬರೇ ಮಾಡಬಲ್ಲದ್ದಕ್ಕೂ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಆ ಜಾಗವೇ ಶಿಕ್ಷಕರ ಕೆಲಸದ ಜಾಗ ಎಂದರು ಅವರು. 1934ರಲ್ಲಿ ಕ್ಷಯರೋಗದಿಂದ, 37ನೇ ವಯಸ್ಸಿನಲ್ಲಿ ತೀರಿಹೋದರು. 1936ರಲ್ಲಿ ಸೋವಿಯತ್ ಸರ್ಕಾರ ಮಕ್ಕಳ ಅಧ್ಯಯನದ ಆ ಶಾಖೆಯನ್ನೇ ಖಂಡಿಸಿ ಆದೇಶ ಹೊರಡಿಸಿತು, ಅವರ ಬರಹಗಳು ಮೂಲೆಗೆ ಬಿದ್ದವು. ಅವರ ಮುಖ್ಯ ಪುಸ್ತಕ ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಅಂದರೆ ಜಗತ್ತಿನ ಹೆಚ್ಚಿನ ಶಿಕ್ಷಕರಿಗೆ ಈ ವಿಚಾರ ತಲುಪಲು ಹೆಚ್ಚುಕಡಿಮೆ ಮೂವತ್ತು ವರ್ಷ ಹಿಡಿಯಿತು.

ಆ ನಡುವಿನ ವರ್ಷಗಳಲ್ಲಿ ತರಬೇತಿ ಕಾಲೇಜುಗಳಲ್ಲಿ ನಡೆದದ್ದು ಹೊರಗೆ ಕಾಣುವ ವರ್ತನೆಯನ್ನಷ್ಟೇ ನೋಡುವ ವರ್ತನಾವಾದದ ಆಳ್ವಿಕೆ. ಬಹುಮಾನ ಸಿಕ್ಕ ವರ್ತನೆ ಉಳಿಯುತ್ತದೆ ಎಂಬ ಸ್ಕಿನ್ನರ್ ಮಾತಿನಲ್ಲಿ ಸತ್ಯ ಇದೆ. ಆದರೆ 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಅದರ ಇನ್ನೊಂದು ಮುಖ ತೋರಿಸಿದರು. ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿ ಕೊಟ್ಟಾಗ, ಆಮೇಲೆ ಅವರು ತಾವಾಗಿಯೇ ಬರೆಯುವುದು ಕಡಿಮೆಯಾಯಿತು.

ಹದಿಹರೆಯದ ಕಥೆಯಲ್ಲೂ ಹಣೆಪಟ್ಟಿಯೇ ಮೊದಲು ಬಂತು. 1904ರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ ಎರಡು ಸಂಪುಟಗಳ ಪುಸ್ತಕ ಬರೆದು, ಇದು ಬಿರುಗಾಳಿಯ ವಯಸ್ಸು ಎಂದರು. ಆ ಮಾತು ಎಷ್ಟು ಅಂಟಿಕೊಂಡಿತೆಂದರೆ, ಎಂಟನೇ ಒಂಬತ್ತನೇ ತರಗತಿಯವರು ಏನೇ ಹೇಳಲಿ, ‘ಆ ವಯಸ್ಸೇ ಹಾಗೆ’ ಎಂದು ಮಾತು ಮುಗಿಸುವುದು ದೊಡ್ಡವರಿಗೆ ರೂಢಿಯಾಯಿತು. ಎಲ್ಲರಿಗೂ ಈ ವಯಸ್ಸು ಬಿರುಗಾಳಿಯಾಗಿ ಬರುವುದಿಲ್ಲ ಎಂದು ಮುಂದಿನ ಅಧ್ಯಯನಗಳು ತೋರಿಸಿವೆ. 1990ರ ದಶಕದಿಂದ ಎಂಆರ್‌ಐ ಚಿತ್ರಗಳು ಬಂದು, ಯೋಜನೆ ಮತ್ತು ಹಿಡಿತಕ್ಕೆ ಬೇಕಾದ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ ಎಂದು ಗೊತ್ತಾಯಿತು. ಇನ್ನೂ ಉಪಯುಕ್ತವಾದದ್ದು 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಮಾಡಿದ ಪ್ರಯೋಗ. ಕಂಪ್ಯೂಟರ್‌ನಲ್ಲಿ ಕಾರು ಓಡಿಸುವ ಆಟ. ಗೆಳೆಯರು ಪಕ್ಕದಲ್ಲಿ ನಿಂತು ನೋಡುವಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಇಡೀ ತರಗತಿಯ ಮುಂದೆ ಗದರಿಸಿದಾಗ ಎದುರುತ್ತರ ಕೊಡುವ ಹುಡುಗ, ಒಬ್ಬನೇ ಸಿಕ್ಕಾಗ ಮೆತ್ತಗೆ ಮಾತಾಡುವುದನ್ನು ಯಾವ ಶಿಕ್ಷಕರು ಕಂಡಿಲ್ಲ?

ಹಣೆಪಟ್ಟಿಗಳ ಕಾಲ ಇನ್ನೂ ಮುಗಿದಿಲ್ಲ. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ, ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಬೇಕು ಎಂಬ ಮಾತು ತರಬೇತಿಗಳಲ್ಲಿ ಈಗಲೂ ಕೇಳಿಬರುತ್ತದೆ. 2008ರಲ್ಲಿ ಪ್ಯಾಶ್ಲರ್ ಮತ್ತು ಸಂಗಡಿಗರು ಇದ್ದ ಸಂಶೋಧನೆಯನ್ನೆಲ್ಲ ಜಾಲಾಡಿ, ಹೀಗೆ ಹೊಂದಿಸಿ ಕಲಿಸಿದರೆ ಲಾಭ ಎನ್ನಲು ತಕ್ಕ ಪುರಾವೆ ಇಲ್ಲ ಎಂದು ಬರೆದರು. ಅತ್ತ ಗಟ್ಟಿ ಪುರಾವೆ ಇರುವ ಸಂಗತಿಗಳು ಮೂಲೆಯಲ್ಲಿ ಕೂತಿವೆ. 1939ರಲ್ಲೇ ಹರ್ಬರ್ಟ್ ಸ್ಪಿಟ್ಜರ್ ಅಮೆರಿಕದ ಅಯೋವಾದಲ್ಲಿ ಆರನೇ ತರಗತಿಯ 3,600ಕ್ಕೂ ಹೆಚ್ಚು ಮಕ್ಕಳಿಗೆ ಪಾಠವೊಂದನ್ನು ಓದಿಸಿ, ಓದಿದ ಬೆನ್ನಿಗೇ ಪ್ರಶ್ನೆ ಕೇಳಿಸಿಕೊಂಡವರು ವಾರಗಳ ನಂತರವೂ ಹೆಚ್ಚು ನೆನಪಿಟ್ಟಿದ್ದನ್ನು ತೋರಿಸಿದ್ದರು. ಪರೀಕ್ಷೆ ಬರೀ ಅಳೆಯಲು ಇರುವಂಥದ್ದಲ್ಲ, ನೆನಪಿನಿಂದ ಹೊರತೆಗೆಯುವುದೇ ಒಂದು ಕಲಿಕೆ. ಅಂಕ ಹಾಕದ ಪುಟ್ಟ ಪ್ರಶ್ನೋತ್ತರಕ್ಕೆ ಇಷ್ಟು ಶಕ್ತಿಯಿದೆ ಎಂದು ಪ್ರತಿಯೊಬ್ಬ ಹೊಸ ಶಿಕ್ಷಕರಿಗೂ ಮೊದಲ ತಿಂಗಳೇ ಹೇಳಬೇಕು.

ಪಿಯಾಜೆ ತೆರೆದ ದಾರಿ 1970ರ ದಶಕದ ಕೊನೆಗೆ ಕಳೆಯುವ ಲೆಕ್ಕಕ್ಕೆ ಬಂದು ತಲುಪಿತು. 52ರಲ್ಲಿ 27 ಕಳೆದರೆ 35 ಎಂದು ಒಂದು ಮಗು ಬರೆಯುತ್ತದೆ. 304ರಲ್ಲಿ 128 ಕಳೆದರೆ 224. ಗಮನ ಕೊಡುತ್ತಿಲ್ಲ ಎಂದು ಕೆಂಪು ಗೆರೆ ಎಳೆಯಬಹುದು. ಆದರೆ ಬಿಡಿಬಿಡಿಯಾಗಿ ನೋಡಿ: ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಮೇಲೆ ಯಾವುದಿದೆ ಕೆಳಗೆ ಯಾವುದಿದೆ ಎಂದು ನೋಡಿಲ್ಲ. ಒಂದೇ ಒಂದು ನಿಯಮ, ಅದನ್ನು ಚಾಚೂ ತಪ್ಪದೆ ಪಾಲಿಸಿದೆ. 71ರಲ್ಲಿ 46 ಕಳೆ ಎಂದರೆ ಈ ಮಗು 35 ಎನ್ನುತ್ತದೆ ಎಂದು ನಾವು ಮೊದಲೇ ಹೇಳಬಹುದು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಇಂಥ ತಪ್ಪು ನಿಯಮಗಳನ್ನು ಪಟ್ಟಿ ಮಾಡಿ, ಶಿಕ್ಷಕ ವಿದ್ಯಾರ್ಥಿಗಳು ಅವನ್ನು ಪತ್ತೆಹಚ್ಚುವುದನ್ನು ಕಲಿಯಲೆಂದೇ ಒಂದು ಕಂಪ್ಯೂಟರ್ ಆಟ ಮಾಡಿದರು. ಕಂಪ್ಯೂಟರ್ ಮಗುವಿನಂತೆ ತಪ್ಪು ಮಾಡುತ್ತದೆ. ಶಿಕ್ಷಕರು ಹೊಸ ಹೊಸ ಲೆಕ್ಕ ಕೊಟ್ಟು, ಅದರ ತಲೆಯಲ್ಲಿರುವ ನಿಯಮ ಯಾವುದು ಎಂದು ಕಂಡುಹಿಡಿಯಬೇಕು.

1986ರಲ್ಲಿ ಲೀ ಶುಲ್ಮನ್ ಇದಕ್ಕೊಂದು ಚೌಕಟ್ಟು ಕೊಟ್ಟರು. ವಿಷಯ ಗೊತ್ತಿರುವುದು ಒಂದು, ಕಲಿಸುವ ವಿಧಾನ ಗೊತ್ತಿರುವುದು ಇನ್ನೊಂದು. ಆ ವಿಷಯ ಮಕ್ಕಳಿಗೆ ಎಲ್ಲಿ, ಯಾಕೆ ಕಷ್ಟವಾಗುತ್ತದೆ ಎಂದು ಗೊತ್ತಿರುವುದು ಈ ಎರಡೂ ಕೂಡುವ ಜಾಗದ ಜ್ಞಾನ, ಅದು ಶಿಕ್ಷಕರಿಗೇ ವಿಶಿಷ್ಟವಾದದ್ದು ಎಂದರು. 2013ರಲ್ಲಿ ಫಿಲಿಪ್ ಸ್ಯಾಡ್ಲರ್ ಮತ್ತು ಸಂಗಡಿಗರು ಇದನ್ನು ತರಗತಿಯಲ್ಲಿ ಪರೀಕ್ಷಿಸಿದರು. ಮಾಧ್ಯಮಿಕ ಹಂತದ 181 ವಿಜ್ಞಾನ ಶಿಕ್ಷಕರಿಗೆ ಬಹುಆಯ್ಕೆ ಪ್ರಶ್ನೆಗಳನ್ನು ಕೊಟ್ಟು ಎರಡು ಕೆಲಸ ಹೇಳಿದರು: ಸರಿ ಉತ್ತರ ಗುರುತಿಸಿ, ನಿಮ್ಮ ವಿದ್ಯಾರ್ಥಿಗಳು ಹೆಚ್ಚಾಗಿ ಆರಿಸುವ ತಪ್ಪು ಉತ್ತರವನ್ನೂ ಗುರುತಿಸಿ. ಸರಿ ಉತ್ತರವನ್ನು ಹೆಚ್ಚಿನ ಶಿಕ್ಷಕರು ಗುರುತಿಸಿದರು. ಎರಡನೆಯದು ಕಷ್ಟವಾಯಿತು. ತಪ್ಪು ಕಲ್ಪನೆ ಬಲವಾಗಿ ಬೇರೂರಿದ್ದ ಪ್ರಶ್ನೆಗಳಲ್ಲಿ, ಈ ಎರಡನ್ನೂ ಬಲ್ಲ ಶಿಕ್ಷಕರ ಮಕ್ಕಳು ವರ್ಷದ ಕೊನೆಗೆ ಬರೀ ಸರಿ ಉತ್ತರ ಬಲ್ಲವರ ಮಕ್ಕಳಿಗಿಂತ ಹೆಚ್ಚು ಕಲಿತಿದ್ದರು.